ಹಿತ್ತಲ ಹಳ್ಳ

೧೧ ಫೆಬ್ರವರಿ

ಅತ್ತಿಗೆ,

ಫೋನ್ ಮಾಡಿ ಮಾಡಿ ಸೋತು ಕಾಗದ ಹಿಡಿದಿದ್ದೇನೆ. ಫೋನಾದರೆ ನೀವು ಎತ್ತುವುದಿಲ್ಲ. ಕಾಗದವನ್ನು ಹರಿದು ಹಾಕಬಹುದು, ಆದರೆ ಹರಿಯುವ ಮೊದಲು ಎರಡು ಸಾಲಾದರೂ ಕಣ್ಣಿಗೆ ಬೀಳಬಹುದೆಂಬ ಆಸೆ. ನಿಮ್ಮ ತವರಿನ ವಿಳಾಸವನ್ನು ಅಣ್ಣ ಕೊಟ್ಟ. ಚೀಟಿ ಕೈಗಿಟ್ಟು, ತಟ್ಟೆ ತೊಳೆಯಲು ಎದ್ದುಹೋದ. ನೀವು ಹೋದಾಗಿನಿಂದ ಅವನ ಊಟ ನನ್ನ ಮನೆಯಲ್ಲೇ.

ಚಿಗಳಿ ಹೇಗಿದ್ದಾಳೆ? ಆಸ್ಪತ್ರೆಯವರನ್ನು ಕಚ್ಚುತ್ತಿಲ್ಲ ತಾನೆ? ಹಲ್ಲು ಬಂದ ಹೊಸದರಲ್ಲಿ ಚಿಗಳಿ ಇರುವೆಯ ಹಾಗೆ ಸಿಕ್ಕಸಿಕ್ಕವರನ್ನೆಲ್ಲ ಕಚ್ಚುತ್ತಾಳೆಂದು ನಾನಿಟ್ಟ ಹೆಸರು, ಒಂಬತ್ತು ವರ್ಷವಾದರೂ ಅವಳಿಗೆ ಅಂಟಿಕೊಂಡೇ ಇದೆ.

ವಿಷಯಕ್ಕೆ ಬರುತ್ತೇನೆ. ನಿನ್ನೆ ನಗರಸಭೆಯವರು ಟೇಪು ಹಿಡಿದು ಬಂದಿದ್ದರು. ನಮ್ಮ ಹಿತ್ತಲುಗಳ ಆಚೆ, ಹಗ್ಗದ ಕಾರ್ಖಾನೆಯ ಮೂಲೆಯಿಂದ ರೈಲು ಹಳಿಯವರೆಗೆ, ಹಳ್ಳದ ಉದ್ದಕ್ಕೂ ಆಳೆತ್ತರದ ಗೋಡೆ ಕಟ್ಟುತ್ತಾರಂತೆ. ಅಧಿಕಾರಿ ನನ್ನನ್ನು ನೋಡಿ, “ಮಗು ಬಿದ್ದಿದೆ, ತಾಯಿ ದೂರು ಕೊಟ್ಟಿದ್ದಾರೆ. ನಾವು ಸುಮ್ನಿರಕ್ಕಾಗುತ್ತಾ?” ಅಂದ. “ಹಳ್ಳದ ಮೇಲಿನ ಹಲಗೆ ಕೊಳೆತಿದೆ ಅಂತ ಎರಡು ವರ್ಷದಿಂದ ಬಾಯಿ ಬಡ್ಕೊಂಡಾಗ ಸುಮ್ನೇ ಇದ್ರಲ್ಲ” ಅಂದೆ. ಅವನು ಟೇಪು ಸುತ್ತಿಕೊಂಡ. ನೆಗಡಿ ಬಂತೆಂದು ಮೂಗು ಕೊಯ್ಯುವ ವೈದ್ಯರು ಇವರು.

ಆದರೆ ಹೋಗುವಾಗ ಒಂದು ಮಾತು ಹೇಳಿದ. ದೂರು ಕೊಟ್ಟವರೇ “ಗೋಡೆ ಬೇಡ, ಹಲಗೆಯ ಸೇತುವೆ ಸರಿಮಾಡಿ, ಕಂಬಿ ಹಾಕಿ, ಒಂದು ಗೇಟು ಇಡಿ” ಎಂದು ಬರೆದುಕೊಟ್ಟರೆ ಯೋಚಿಸುತ್ತಾರಂತೆ. ನಿಮ್ಮ ಒಂದು ಸಹಿ ಸಾಕು.

ಅತ್ತಿಗೆ, ನೆನಪಿದೆಯಾ? ಹಳ್ಳಕ್ಕೆ ಹೋಗುವುದನ್ನು ಶುರುಮಾಡಿದವಳು ನಾನಲ್ಲ, ನೀವು. ಬೆಟ್ಟದ ಕೆರೆಗೆ ಹೊರಟ ಬಾಡಿಗೆ ವ್ಯಾನು ಬೀದಿ ತಿರುವಿನಲ್ಲೇ ಹೊಗೆ ಕಾರಿ ನಿಂತಿತು. ಚಿಗಳಿ ರಸ್ತೆಯಲ್ಲೇ ಕೂತು ರಂಪ ಮಾಡಿದಳು. ನೀವು ಬುತ್ತಿಯ ಚೀಲ ಎತ್ತಿಕೊಂಡು, “ನೀರು ತಾನೆ ನೋಡ್ಬೇಕು ನಿಂಗೆ? ಹಿತ್ತಲ ಬಾಗಿಲು ತೆಗಿ” ಅಂದಿರಿ. ಅವತ್ತು ಹಳ್ಳದಲ್ಲಿ ಏನಿತ್ತು? ಹರಿದ ಹಾಸಿಗೆ, ಒಡೆದ ಕಮೋಡು, ಇಡೀ ಬೀದಿಯ ಅಡುಗೆಮನೆಯ ಕೊಳಕು. ಆದರೂ ಅವಳು ಸಂಜೆಯವರೆಗೆ ಎದ್ದು ಬರಲಿಲ್ಲ.

ಆಮೇಲೆ ಅವಳಿ ಮಕ್ಕಳ ಮನೆಯವರು ಬಂದರು, ಹಲ್ಲಿನ ಡಾಕ್ಟರ ಹೆಂಡತಿ ಬಂದರು, ರಿಟೈರಾದ ಪೋಸ್ಟ್‌ಮ್ಯಾನ್ ಮೊಮ್ಮಕ್ಕಳನ್ನು ಕರೆತಂದರು. ತಮ್ಮ ಮಕ್ಕಳು ಕಾಲಿಡುವ ನೀರಿಗೆ ಯಾರು ಕಸ ಎಸೆಯುತ್ತಾರೆ? ಯಾರಿಗೂ ಭಾಷಣ ಮಾಡಬೇಕಾಗಲಿಲ್ಲ, ತಾನಾಗಿಯೇ ನಿಂತಿತು. ಮಕ್ಕಳ ಪಾದವೆಲ್ಲ ನೀಲಿಯಾದ ದಿನ ನೀವು ಅವರನ್ನು ಸಾಲಾಗಿ ಬಣ್ಣದ ಕಾರ್ಖಾನೆಯ ಆಫೀಸಿಗೆ ಕರೆದುಕೊಂಡು ಹೋಗಿ, ಮಾಲೀಕನ ಬಿಳೀ ನೆಲದ ಮೇಲೆ ನಡೆಸಿದಿರಿ. ತಿಂಗಳಲ್ಲಿ ಅವನು ಬಣ್ಣದ ನೀರಿಗೆ ಬೇರೆ ಗುಂಡಿ ತೋಡಿಸಿದ. ಜೊಂಡು ಚಿಗುರಿತು, ಕಪ್ಪೆ ಬಂದವು, ಸೊಳ್ಳೆ ಕಡಿಮೆಯಾದವು, ದಡದ ಮಣ್ಣಿನಲ್ಲಿ ಮಿಂಚುಳ್ಳಿ ಬಿಲ ಕೊರೆಯಿತು. ಭಾನುವಾರ ಬೀದಿಯ ಕಾರುಗಳೆಲ್ಲ ಹೊದಿಕೆ ಹೊದ್ದು ಮಲಗಿರುತ್ತಿದ್ದವು. “ಹತ್ತಿರದಲ್ಲೇ ಇರುವಾಗ ದೂರ ಯಾಕ್ರೀ ಹೋಗ್ಬೇಕು?” ಎಂದು ಅಣ್ಣ ಕಂಡವರಿಗೆಲ್ಲ ಹೇಳುತ್ತಿದ್ದ.

ಅದನ್ನೆಲ್ಲ ಗೋಡೆಯ ಹಿಂದೆ ಹಾಕಿಬಿಡುತ್ತಾರೆ. ಸಹಿ ಮಾಡಿ ಕಳಿಸಿ. ಕಾಗದ ಜೊತೆಗಿಟ್ಟಿದ್ದೇನೆ.

ನಿಮ್ಮ
ನಾದಿನಿ


೨೬ ಫೆಬ್ರವರಿ

ನಿಮ್ಮ ಕಾಗದ ತಲುಪಿತು. ಪೂರ್ತಿ ಓದಿದೆ.

ನಾಲ್ಕು ಪುಟ ಬರೆದಿದ್ದೀರಿ. ಅದರಲ್ಲಿ ನನ್ನ ಮಗಳಿಗೆ ಒಂದು ಪ್ಯಾರಾ, ಅದೂ ತಮಾಷೆಗೆ. ಉಳಿದದ್ದೆಲ್ಲ ಹಳ್ಳ.

ಅವಳು ಹೇಗಿದ್ದಾಳೆಂದು ಕೇಳಿದ್ದೀರಲ್ಲ, ಹೇಳುತ್ತೇನೆ. ಮೊಣಕಾಲಿನ ಕೆಳಗೆ ಎಲುಬಿನೊಳಗೆ ಕೀವು ಕೂತಿತ್ತು. ಮತ್ತೊಮ್ಮೆ ಕೊಯ್ದು ತೆಗೆದರು. ಈಗ ಕಾಲಿನ ಸುತ್ತ ಕಬ್ಬಿಣದ ಬಳೆ, ಬಳೆಯಿಂದ ಎಲುಬಿಗೆ ಸರಳು. ದಿನಾ ಆ ಸರಳು ಚರ್ಮದೊಳಗೆ ಹೋಗುವ ಜಾಗವನ್ನು ನಾನೇ ಒರೆಸಬೇಕು. ಒರೆಸುವಾಗ ಅವಳು ದಿಂಬು ಕಚ್ಚುತ್ತಾಳೆ. ಹೌದು, ಇನ್ನೂ ಕಚ್ಚುತ್ತಾಳೆ. ಆ ಕಾಲು ಗಿಡ್ಡವಾಗಿಯೇ ಉಳಿಯುತ್ತದೆ ಎಂದು ಡಾಕ್ಟರು ಅವಳ ಎದುರಿಗೇ ಹೇಳಿದರು. ಅವಳು “ಎಷ್ಟು ಗಿಡ್ಡ?” ಅಂತ ಕೇಳಿ, ಬೆರಳಲ್ಲಿ ತೋರಿಸಿ ಅಂದಳು. ಅವರು ತೋರಿಸಿದರು.

ಶುರುಮಾಡಿದವಳು ನಾನು ಎಂದು ಬರೆದಿದ್ದೀರಿ. ಇರಬಹುದು. ಆದರೆ ಆ ಭಾನುವಾರ ಹೋಗಬೇಡಿ ಎಂದವಳೂ ನಾನೇ. ಹೋಟೆಲಿನವರ ಪರದೆಗಳನ್ನು ಸೋಮವಾರ ಕೊಡಬೇಕಿತ್ತು, ಹೊಲಿಗೆ ಮೆಷಿನ್ ಬಿಟ್ಟು ಏಳುವಂತಿರಲಿಲ್ಲ. ಮಳೆ ಬಂದು ನೀರು ಏರಿದೆ, ಮುಂದಿನ ವಾರ ಹೋದರಾಯಿತು ಅಂದೆ. ನೀವು ಬಾಗಿಲಲ್ಲಿ ನಿಂತು ಏನಂದಿರಿ? “ನೀವು ಹೊಲೀರಿ ಅತ್ತಿಗೆ, ನಾನಿದ್ದೀನಲ್ಲ.”

ನೀವಿದ್ದಿರಿ. ಎಲ್ಲರಿಗೂ ಮಿಂಚುಳ್ಳಿಯ ಬಿಲ ತೋರಿಸುತ್ತ, ಬೆನ್ನು ತಿರುಗಿಸಿ ನಿಂತಿದ್ದಿರಿ. ಕೊಳೆತಿದೆ ಎಂದು ನೀವೇ ಎರಡು ವರ್ಷ ಬಾಯಿ ಬಡಿದುಕೊಂಡ ಹಲಗೆಯ ಮೇಲೆ ಮಗು ಹತ್ತಿತು. ದಿನವಿಡೀ ಕನ್ನಡಕದಂಗಡಿಯಲ್ಲಿ ಊರವರ ಕಣ್ಣು ಪರೀಕ್ಷೆ ಮಾಡುವವರು ನೀವು. ಒಂದು ಮಗುವಿನ ಮೇಲೆ ಕಣ್ಣಿಡಲಾಗಲಿಲ್ಲ.

ಹೆತ್ತಿದ್ದರೆ ಗೊತ್ತಾಗುತ್ತಿತ್ತು.

ಸಹಿ ಮಾಡುವುದಿಲ್ಲ. ಗೋಡೆ ಏಳಲಿ. ಇನ್ನೂ ಎತ್ತರ ಎಬ್ಬಿಸಲಿ.

ಇಂತಿ,
ಚಿಗಳಿಯ ತಾಯಿ


೯ ಮಾರ್ಚ್

ಅತ್ತಿಗೆ,

ಹನ್ನೊಂದು ವರ್ಷ “ನೀನು, ತಾನು, ಬಾರೇ, ಹೋಗೇ” ಎಂದವರು ನನಗೆ “ನೀವು” ಎಂದು ಬರೆದಿದ್ದೀರಿ. ಕರೆದು ಕೆನ್ನೆಗೆ ಹೊಡೆದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಇನ್ನೊಂದು ಮಾತಿಗೆ ನಾನು ಉತ್ತರ ಕೊಡುವುದಿಲ್ಲ. ಅದನ್ನು ಬರೆದ ಮೇಲೆ ನಿಮಗೂ ಆ ದಿನ ಊಟ ಸೇರಿರಲಿಕ್ಕಿಲ್ಲ ಎಂದುಕೊಂಡಿದ್ದೇನೆ.

ಗೋಡೆಯ ಕೆಲಸ ಶುರುವಾಯಿತು. ನಮ್ಮ ಹಿತ್ತಲ ಬಾಗಿಲು ತೆರೆದರೆ ಈಗ ಇಟ್ಟಿಗೆ. ಪೋಸ್ಟ್‌ಮ್ಯಾನ್ ಕುರ್ಚಿ ಹಾಕಿಕೊಂಡು ಕೂತು, ಅದು ಏಳುವುದನ್ನೇ ನೋಡುತ್ತಿರುತ್ತಾರೆ. “ನಲವತ್ತು ವರ್ಷ ಈ ಊರಿನ ಬಾಗಿಲು ತಟ್ಟಿದೀನಮ್ಮ, ಬಾಗಿಲೇ ಇಲ್ಲದ ಗೋಡೆ ಇದೇ ಮೊದಲು” ಅಂದರು. ಅವಳಿ ಮಕ್ಕಳ ಅಪ್ಪ ಇನ್ನು ಬರುವುದಿಲ್ಲವಂತೆ. ಅವನ ಹೆಂಡತಿಗೆ ಭಯ ಹತ್ತಿದೆ. ಡಾಕ್ಟರ ಹೆಂಡತಿ ನನ್ನನ್ನು ಕಂಡರೆ ಬೀದಿಯ ಆಚೆ ಬದಿಗೆ ಹೋಗುತ್ತಾರೆ. ಎಲ್ಲರೂ ನಿಮ್ಮ ಹಾಗೆ ಮುಖದ ಮೇಲೆ ಹೇಳುವುದಿಲ್ಲ, ಅಷ್ಟೆ.

ನನ್ನ ಮೇಲಿನ ಸಿಟ್ಟನ್ನು ನನ್ನ ಮೇಲೆ ತೀರಿಸಿಕೊಳ್ಳಿ ಅತ್ತಿಗೆ. ನೀರು ಏನು ಮಾಡಿತು? ನೋಡುವವರಿದ್ದರೆ ಯಾವ ಜಾಗವೂ ಬದುಕುತ್ತದೆ. ಬಣ್ಣದವನು ಹೆದರಿದ್ದು ಕಾನೂನಿಗಲ್ಲ, ಭಾನುವಾರ ಭಾನುವಾರ ಅಲ್ಲಿಗೆ ಬರುತ್ತಿದ್ದ ಅಮ್ಮಂದಿರಿಗೆ. ಗೋಡೆ ಎದ್ದ ಮೇಲೆ ಅಲ್ಲಿ ಏನು ನಡೆಯುತ್ತದೆಂದು ಯಾರಿಗೆ ಗೊತ್ತಾಗುತ್ತದೆ?

ಅಣ್ಣನ ಬಗ್ಗೆ ನೀವು ಕೇಳಲಿಲ್ಲ. ಆದರೂ ಹೇಳುತ್ತೇನೆ. ನಗರಸಭೆಯ ಕಸದ ಲಾರಿ ಓಡಿಸಿ ಬರುತ್ತಾನೆ, ಸೋಪು ಹಚ್ಚಿ ತುಂಬ ಹೊತ್ತು ಕೈ ತೊಳೆಯುತ್ತಾನೆ, ಉಣ್ಣುತ್ತಾನೆ, ಹೋಗುತ್ತಾನೆ. “ಅಲ್ಲಿಗೆ ಹೋಗಿ ಬಾರೋ, ಮಗು ಕಾಯ್ತಿರುತ್ತೆ” ಅಂದೆ. “ಆ ಕಬ್ಬಿಣ ನೋಡಕ್ಕೆ ನನ್ನಿಂದಾಗಲ್ಲ ಕಣೆ” ಅಂದ. ಅವನು ಅಷ್ಟು ಉದ್ದ ಮಾತಾಡಿದ್ದು ಈ ತಿಂಗಳಲ್ಲಿ ಅದೇ.

ಇನ್ನೂ ಸಮಯವಿದೆ. ಗೇಟಿಗೆಂದು ಜಾಗ ಬಿಡಿಸಬಹುದು.

ನಿಮ್ಮ
ನಾದಿನಿ


೨ ಏಪ್ರಿಲ್

ಅತ್ತೇ,

ನಾನು ಚಿಗಳಿ. ಅಜ್ಜಿ ಪೋಸ್ಟ್ ಮಾಡ್ತಾಳೆ. ಅಮ್ಮಂಗೆ ಹೇಳ್ಬೇಡ, ನೀನು ಹೇಗೂ ಹೇಳಕ್ಕಾಗಲ್ಲ ಯಾಕಂದ್ರೆ ನೀವಿಬ್ರೂ ಟೂ ಬಿಟ್ಟಿದೀರ.

ಮಿಂಚುಳ್ಳಿ ಮರಿ ಹೊರಗೆ ಬಂದ್ವಾ? ಎಷ್ಟು? ನಾನು ನೋಡ್ಬೇಕು ಅಂತಾನೇ ಹಲಗೆ ಮೇಲೆ ಹತ್ತಿದ್ದು. ದಡದಿಂದ ನಿಮ್ಮೆಲ್ಲರ ಬೆನ್ನು ಮಾತ್ರ ಕಾಣ್ತಿತ್ತು, ಬಿಲ ಕಾಣ್ತಿರಲಿಲ್ಲ.

ಇಲ್ಲಿ ಕಿಟಕಿಯಿಂದ ಒಂದು ನೀರಿನ ಟ್ಯಾಂಕು ಕಾಣುತ್ತೆ. ಅದರ ಮೇಲೆ ಕಾಗೆ ಬರುತ್ತೆ. ಅಷ್ಟೇ. ನನ್ನ ಕಾಲಿಗೆ ಒಂದು ಚಕ್ರ ಥರ ಹಾಕಿದಾರೆ, ಪಕ್ಕದ ಮಂಚದ ಹುಡುಗಿ ಅದನ್ನ ಸೈಕಲ್ ಅಂತಾಳೆ. ನಾನು ಅವಳಿಗೆ ಹಳ್ಳದ ಬಗ್ಗೆ ಎಲ್ಲಾ ಹೇಳಿದೀನಿ. ಅವಳು ನಂಬ್ತಾ ಇಲ್ಲ. ಮನೆ ಹಿಂದೇನೇ ಅಂತ ಹೇಳಿದ್ರೆ ಸುಳ್ಳಿ ಅಂತಾಳೆ. ಗೊದಮೊಟ್ಟೆ ಒಂದು ಬಾಟ್ಲಿಯಲ್ಲಿ ಹಾಕಿ ಕಳಿಸು. ಅಜ್ಜಿ ಪೋಸ್ಟಲ್ಲಿ ಆಗಲ್ಲ ಅಂದ್ಲು. ಪೋಸ್ಟ್‌ಮ್ಯಾನ್ ತಾತನ್ನ ಕೇಳು, ಅವರಿಗೆ ಗೊತ್ತಿರುತ್ತೆ.

ನಾನು ಬಂದಾಗ ಹಲಗೆ ಮೇಲೆ ಹತ್ತಲ್ಲ. ಪ್ರಾಮಿಸ್. ಆದ್ರೆ ನೀನು ನನ್ನನ್ನ ಮುಂದೆ ನಿಲ್ಲಿಸ್ಬೇಕು.

ಚಿಗಳಿ


೧೮ ಮೇ

ಅತ್ತಿಗೆ,

ಗೋಡೆ ಮುಗಿದು ಮೂರು ವಾರವಾಯಿತು. ಬರೆಯಬಾರದು ಎಂದುಕೊಂಡಿದ್ದೆ. ಆದರೆ ಇದು ಬೇರೆಯವರ ಬಾಯಿಂದ ನಿಮಗೆ ಗೊತ್ತಾಗಬಾರದು.

ಹಗ್ಗದ ಕಾರ್ಖಾನೆಯ ಕಡೆ ಗೋಡೆಗೆ ಒಂದು ದೊಡ್ಡ ಗೇಟು ಇಟ್ಟಿದ್ದಾರೆ. ಮಕ್ಕಳಿಗಲ್ಲ, ಲಾರಿಗೆ. ಊರ ಕಸವನ್ನು ಇಷ್ಟು ದಿನ ಬೆಟ್ಟದ ತಪ್ಪಲಿನ ಗುಂಡಿಗೆ ಒಯ್ಯುತ್ತಿದ್ದರಲ್ಲ, ಈಗ ಇಲ್ಲೇ ಸುರಿಯುತ್ತಾರೆ. ಮೊದಲು ಪೀಂ ಪೀಂ ಎಂದು ಲಾರಿ ಹಿಂದಕ್ಕೆ ಬರುವ ಸದ್ದು, ಆಮೇಲೆ ಸುರಿಯುವ ಸದ್ದು. ಗೋಡೆಯಿಂದಾಗಿ ಏನೂ ಕಾಣುವುದಿಲ್ಲ. ವಾಸನೆಗೆ ಗೋಡೆ ಇಲ್ಲ.

ಮಂಗಳವಾರ ಅಂಗಡಿಗೆ ರಜೆ. ಬೆಳಿಗ್ಗೆ ನಾನು ಆ ಗೇಟಿನಲ್ಲಿ ಹೋಗಿ ನಿಂತೆ. ಲಾರಿ ಬಂತು. ಓಡಿಸುತ್ತಿದ್ದವನು ಅಣ್ಣ.

“ಪಕ್ಕಕ್ಕೆ ಸರಿಯೇ” ಅಂದ.

“ಸರಿಯಲ್ಲ. ನಿನಗೆ ಇಲ್ಲಿಗೆ ಡ್ಯೂಟಿ ಹಾಕಿದ್ರೆ ಆಗಲ್ಲ ಅಂತ ಹೇಳಕ್ಕೇನು ಧಾಡಿ?”

ಅವನು ಇಂಜಿನ್ ಆರಿಸಿದ. ಇಳಿಯಲಿಲ್ಲ. “ಡ್ಯೂಟಿ ಯಾರೂ ಹಾಕಿಲ್ಲ. ಜಾಗ ತೋರಿಸಿದ್ದೇ ನಾನು” ಅಂದ.

ನನಗೆ ಅರ್ಥವಾಗಲಿಲ್ಲ. ಮತ್ತೆ ಕೇಳಿದೆ.

“ಸಾಹೇಬರು ಹೊಸ ಜಾಗ ಹುಡುಕ್ತಿದ್ರು. ಹತ್ತಿರದಲ್ಲೇ ಇರುವಾಗ ದೂರ ಯಾಕೆ ಹೋಗ್ಬೇಕು ಅಂದೆ. ಡೀಸೆಲ್ಲೂ ಉಳಿಯುತ್ತೆ ಅಂದೆ. ಅವರಿಗೆ ಖುಷಿಯಾಯ್ತು.”

ಅದೇ ಮಾತು ಅತ್ತಿಗೆ. ಅಕ್ಷರ ಬದಲಾಗಿಲ್ಲ. ಬೀದಿಯವರನ್ನೆಲ್ಲ ಹಳ್ಳಕ್ಕೆ ಕರೆತಂದ ಮಾತು.

“ನಿನ್ನ ಮಗಳು ಆಡಿದ ಜಾಗ ಕಣೋ ಅದು” ಅಂದೆ.

“ನನ್ನ ಮಗಳ ಕಾಲು ತಿಂದ ಜಾಗ. ಅದರ ಬಾಯಿಗೆ ನಾನೇ ಮಣ್ಣು ಹಾಕ್ತೀನಿ. ಸರಿ ಪಕ್ಕಕ್ಕೆ.”

ಕ್ಲೀನರ್ ಕೆಳಗಿಳಿದು ಬಂದು, “ಅಕ್ಕ, ಬನ್ನಿ, ಬಟ್ಟೆ ಕೊಳೆಯಾಗುತ್ತೆ” ಎಂದು ನನ್ನ ತೋಳು ಹಿಡಿದ. ನಾನು ಸರಿದೆ. ಅಣ್ಣ ಹಿಂದಿನ ಕನ್ನಡಿ ನೋಡಿಕೊಂಡು, ಒಂದಿಷ್ಟೂ ಅಳ್ಳಾಡದೆ, ಜೊಂಡಿನ ಮೇಲೆ ಸುರಿದ. ಮಿಂಚುಳ್ಳಿಯ ದಡ ಯಾವುದೆಂದು ಅವನಿಗೆ ಗೊತ್ತಿತ್ತು. ಮೊದಲು ಅಲ್ಲಿಗೇ ಸುರಿದಿದ್ದಾನೆ.

ಅವನು ಈಗ ನನ್ನ ಮನೆಗೆ ಊಟಕ್ಕೆ ಬರುವುದಿಲ್ಲ. ಬಂದರೂ ನಾನು ಬಡಿಸುತ್ತೇನೋ ಇಲ್ಲವೋ.

ನಿಮಗೆ ಬೇಕಾದದ್ದು ಇದೇ ತಾನೆ?

ನಾದಿನಿ


೬ ಜೂನ್

ನೋಡು,

ನಿನ್ನ ಕಾಗದ ಬಂದ ದಿನವೇ ನಿಮ್ಮಣ್ಣನಿಗೆ ಫೋನ್ ಮಾಡಿದೆ. ಎತ್ತಿದ. ಇಷ್ಟು ತಿಂಗಳಲ್ಲಿ ಅವನು ವಾರಕ್ಕೊಮ್ಮೆ ಮಾಡುವ ಫೋನಿನಲ್ಲಿ ಇರುವುದು ಎರಡೇ ಮಾತು, “ಜ್ವರ ಇದೆಯಾ? ಊಟ ಮಾಡಿದಳಾ?” ಮೇ ತಿಂಗಳಲ್ಲಿ ಒಂದು ಸಲ ಮಾತ್ರ, “ಆ ಜಾಗದಲ್ಲಿ ಇನ್ನು ಯಾವ ಮಗೂನೂ ಬೀಳಲ್ಲ” ಅಂದಿದ್ದ. ಗೋಡೆಯ ಮಾತೆಂದುಕೊಂಡು, ಅವತ್ತು ನಾನು ನೆಮ್ಮದಿಯಾಗಿ ಮಲಗಿದ್ದೆ.

“ಯಾಕ್ರೀ ಹೀಗೆ ಮಾಡಿದ್ರಿ?” ಅಂದೆ.

“ಮುಚ್ಚಬೇಕು ಅಂತ ದೂರು ಬರೆದಿದ್ದು ನೀನೇ ತಾನೆ?”

“ಗೋಡೆ ಅಂತ ಬರೆದಿದ್ದೆ. ಗೋರಿ ಅಂತ ಬರೀಲಿಲ್ಲ.”

ಆಮೇಲೆ ಹೇಳಿದ, “ನೀನು ಅಲ್ಲಿ ಕೂತು ಗಾಯ ಒರೆಸ್ತೀಯ. ನಾನು ಏನು ಮಾಡ್ಲಿ? ನನ್ನ ಕೈಯಲ್ಲಿ ಏನಿದೆ? ಲಾರಿ ಇದೆ.”

ನಾನು ಫೋನ್ ಇಟ್ಟೆ. ಅವನ ಮೇಲೆ ಕೂಗಾಡಲು ನನಗೆ ಬಾಯಿಲ್ಲದಂತಾಯಿತು. ಅವನು ಮಾಡಿದ್ದನ್ನು ನಾನು ಮನಸ್ಸಿನಲ್ಲಿ ಎಷ್ಟು ಸಲ ಮಾಡಿದ್ದೆನೋ. ಆಪರೇಷನ್ ಕೋಣೆಯ ಹೊರಗೆ ಕೂತು ಆ ಹಳ್ಳ ಬತ್ತಿಹೋಗಲಿ, ಹಾಳಾಗಿಹೋಗಲಿ ಎಂದು ಶಪಿಸಿದ್ದೆ. ನನಗೆ ಲಾರಿ ಓಡಿಸಲು ಬರುವುದಿಲ್ಲ, ಅಷ್ಟೇ ವ್ಯತ್ಯಾಸ.

ಅಜ್ಜಿ ಮೊಮ್ಮಗಳು ಸೇರಿ ನಿನಗೆ ಕಾಗದ ಹಾಕಿದ್ದೂ ಗೊತ್ತಾಯಿತು. ನನ್ನ ತಾಯಿಗೆ ಗುಟ್ಟು ಇಟ್ಟುಕೊಳ್ಳಲು ಬರುವುದಿಲ್ಲ. ಕೇಳುವ ಮೊದಲೇ “ನಾನೇನೂ ಪೋಸ್ಟ್ ಮಾಡಿಲ್ಲಪ್ಪ” ಅಂದಳು. ಚಿಗಳಿ ನಿನಗೆ ಏನು ಬರೆದಳೆಂದು ಕೇಳಿದೆ. ಮುಂದೆ ನಿಲ್ಲಿಸಬೇಕೆಂದು ಬರೆದೆ ಅಂದಳು. ನೀನು ಅದಕ್ಕೆ ಉತ್ತರ ಬರೆಯಲಿಲ್ಲವಂತೆ. ಪೋಸ್ಟಿನ ಹೊತ್ತಿಗೆ ಬಾಗಿಲ ಕಡೆ ನೋಡುತ್ತ ಕೂರುತ್ತಾಳೆ. ನನಗೆ ಇಷ್ಟುದ್ದ ಬರೆಯುವವಳಿಗೆ ಆ ಮಗುವಿಗೆ ನಾಲ್ಕು ಸಾಲು ಹುಟ್ಟಲಿಲ್ಲವೇ? ಮಿಂಚುಳ್ಳಿಗೆ ಏನಾಯಿತೆಂದು ಹೇಳಬೇಕಾಗುತ್ತದೆ ಅಂತಲೇ?

ನಗರಸಭೆಗೆ ಬರೆದಿದ್ದೇನೆ. ನನ್ನ ದೂರು ವಾಪಸ್ ತೆಗೆದುಕೊಂಡಿದ್ದೇನೆ, ಕಸ ಸುರಿಯುವುದನ್ನು ನಿಲ್ಲಿಸಿ, ಸುರಿದದ್ದನ್ನು ತೆಗೆಸಿ ಎಂದು. ಇದನ್ನು ನಿನಗಾಗಿ ಮಾಡಿದೆ ಎಂದುಕೊಳ್ಳಬೇಡ.

ಅತ್ತಿಗೆ


೨೧ ಆಗಸ್ಟ್

ಅತ್ತಿಗೆ,

ನಿಮ್ಮ ಅರ್ಜಿಗೆ ನಗರಸಭೆಯ ಉತ್ತರ ನಿಮಗೂ ಬಂದಿರಬೇಕು. ನಾನು ಹೋಗಿ ಕೇಳಿದಾಗ ಅದೇ ಅಧಿಕಾರಿ ನಕ್ಷೆ ಬಿಡಿಸಿ ತೋರಿಸಿದ. ನಮ್ಮ ಬೀದಿಯ ಹಿಂದೆ ಅವರ ನಕ್ಷೆಯಲ್ಲಿ ಹಳ್ಳವೇ ಇಲ್ಲ. “ಖಾಲಿ ಜಾಗ” ಎಂದಿದೆ. “ಇಲ್ಲದ ಹಳ್ಳದಲ್ಲಿ ಮಗು ಹೇಗೆ ಬಿತ್ತು?” ಅಂದೆ. “ಅದು ಹಳೇ ಫೈಲು” ಅಂದ.

ನಕ್ಷೆಯಲ್ಲಿಲ್ಲದ ನೀರು ಜುಲೈಯಲ್ಲಿ ಬಂತು. ಹರಿಯಲು ದಾರಿಯಿಲ್ಲದೆ, ಲಾರಿ ಗೇಟಿನ ಕಂಬ ಕಿತ್ತುಕೊಂಡು ಬೀದಿಗೆ ನುಗ್ಗಿತು. ಸುರಿದದ್ದೆಲ್ಲ ವಾಪಸ್ ಬಂತು, ಯಾರ ಮನೆಯದು ಯಾರ ಮನೆಗೆ ಎಂಬ ಲೆಕ್ಕವಿಲ್ಲದೆ. ನಿಮ್ಮ ಅಡುಗೆಮನೆಯಲ್ಲಿ ಮೊಣಕಾಲುದ್ದ ನಿಂತಿತ್ತು. ಹೊಲಿಗೆ ಮೆಷಿನ್ನನ್ನು ನಾನು ಮೇಜಿನ ಮೇಲೆ ಎತ್ತಿಟ್ಟೆ, ಅದೊಂದು ಉಳಿಯಿತು.

ಪೋಸ್ಟ್‌ಮ್ಯಾನ್ ಮನೆ ತಗ್ಗಿನಲ್ಲಿತ್ತಲ್ಲ. ಆ ನೀರಿನಲ್ಲೇ ನಿಂತು ಸಾಮಾನು ಎತ್ತಿದರು. ಆಮೇಲೆ ಜ್ವರ ಬಂತು. ಬೀದಿಯಲ್ಲಿ ತುಂಬ ಜನಕ್ಕೆ ಬಂತು, ಬೇರೆಯವರಿಗೆಲ್ಲ ಇಳಿಯಿತು. ಅವರಿಗೆ ಇಳಿಯಲಿಲ್ಲ. ಕೊನೆಯ ವಾರ ನೋಡಲು ಹೋದಾಗ ನನ್ನನ್ನು ಗುರುತು ಹಿಡಿದು, “ಗೊದಮೊಟ್ಟೆ ಪಾರ್ಸೆಲ್ ಮಾಡೋದು ಹೇಗೆ ಅಂತ ಕೇಳಿದ್ಯಲ್ಲಮ್ಮ, ಯೋಚಿಸ್ತಾ ಇದ್ದೆ” ಅಂದರು. ಅದು ಚಿಗಳಿಯ ಕಾಗದ ಬಂದಾಗ ಕೇಳಿದ್ದು. ಹೌದು, ಕೇಳಿದ್ದೆ. ಅವಳಿಗೆ ಉತ್ತರ ಬರೆಯಲು ಎಷ್ಟು ಸಲ ಕೂತೆನೋ ನಿಮಗೆ ಗೊತ್ತಿಲ್ಲ.

ಅವರನ್ನು ಒಯ್ಯುವಾಗ ಅಣ್ಣ ಬಂದಿದ್ದ. ದೂರದಲ್ಲಿ ನಿಂತಿದ್ದ. ಮೊಮ್ಮಕ್ಕಳು ಅವನ ಹತ್ತಿರ ಹೋಗಿ ಏನೋ ಕೇಳಿದವು, ಅವನು ತಲೆ ತಗ್ಗಿಸಿಕೊಂಡು ಹೊರಟುಹೋದ. ಅವನಿಗೆ ಈಗ ಬಡ್ತಿಯಾಗಿದೆ. ಲಾರಿ ಓಡಿಸುವುದಿಲ್ಲ, ಎಲ್ಲ ಲಾರಿಗಳ ಉಸ್ತುವಾರಿ.

ಭಾನುವಾರ ಬೆಳಗಾಗುವ ಮೊದಲೇ ಬೀದಿ ಖಾಲಿ. ಈ ವಾಸನೆಯಲ್ಲಿ ಯಾರು ಕೂರುತ್ತಾರೆ? ಕಾರುಗಳ ಹೊದಿಕೆ ಕಳಚಿತು, ಇಲ್ಲದವರು ವ್ಯಾನು ಗೊತ್ತುಮಾಡಿಕೊಂಡರು. ಮೂರು ತಾಸು ಹೋಗಿ, ಮೂರು ತಾಸು ಬಂದು, ಬೆಟ್ಟದ ಕೆರೆಯ ಫೋಟೋ ತೋರಿಸುತ್ತಾರೆ. ಅಲ್ಲೂ ವಾಹನ ನಿಲ್ಲಿಸಲು ಮರ ಕಡಿದು ಜಾಗ ಮಾಡಿದ್ದಾರಂತೆ. ಅವಳಿ ಮಕ್ಕಳ ಅಪ್ಪ, “ಪ್ರಕೃತಿ ಅಂದ್ರೆ ಅದು ಕಣ್ರೀ, ಇಲ್ಲಿ ಏನಿತ್ತು?” ಅಂದ. ನಾಲ್ಕು ವರ್ಷ ಪ್ಯಾಂಟು ಮಡಿಸಿಕೊಂಡು ನಮ್ಮ ಜೊತೆ ನೀರಿಗಿಳಿದವನು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಇದಕ್ಕೇ ಇರಬೇಕು.

ನಾನು ಮನೆ ಬಿಟ್ಟೆ. ಕನ್ನಡಕದಂಗಡಿಯ ಮೇಲಿನ ಕೋಣೆಗೆ ಬಂದಿದ್ದೇನೆ. ಕಿಟಕಿ ರಸ್ತೆಯ ಕಡೆಗಿದೆ.

ನಾದಿನಿ


೩ ಅಕ್ಟೋಬರ್

ಅತ್ತಿಗೆ,

ಈ ಕಾಗದದಲ್ಲಿ ಹಳ್ಳದ ಮಾತಿಲ್ಲ.

ಆ ಕಬ್ಬಿಣದ ಬಳೆ ತೆಗೆದರಾ? ಮೆಟ್ಟಿಲು ಹತ್ತುತ್ತಾಳಾ? ಶಾಲೆಗೆ ಹೋಗುತ್ತಿದ್ದಾಳಾ? ಮಕ್ಕಳು ಏನಾದರೂ ಅನ್ನುತ್ತಾರಾ? ಅಂದರೆ ಅವಳು ಏನು ಹೇಳುತ್ತಾಳೆ? ನೋವಾದಾಗ ಈಗಲೂ ದಿಂಬು ಕಚ್ಚುತ್ತಾಳಾ?

ಒಂದು ದಿನದ ಮಟ್ಟಿಗೆ ಬರಲಾ? ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೊರಡುತ್ತೇನೆ. ನಿಮ್ಮ ಮನೆಯಲ್ಲಿ ನೀರೂ ಕುಡಿಯುವುದಿಲ್ಲ.

ಇನ್ನೂ ಒಂದು ಮಾತು ಬರೆಯಬೇಕಿತ್ತು. ನಾಲ್ಕು ಹಾಳೆ ಹಾಳುಮಾಡಿದೆ.

ನಾನು


೧೪ ನವೆಂಬರ್

ನಿನ್ನ ಕಾಗದವನ್ನು ಇಷ್ಟು ದಿನ ಇಲ್ಲಿ ನನ್ನ ತಾಯಿಯ ಹಳೇ ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದೆ. ಇವತ್ತು ಉತ್ತರ ಬರೆಯುತ್ತಿದ್ದೇನೆ.

ಬಳೆ ತೆಗೆದರು. ಒಂದು ಕಾಲಿಗೆ ದಪ್ಪ ಅಟ್ಟೆಯ ಶೂ. ಮೆಟ್ಟಿಲು ಹತ್ತುತ್ತಾಳೆ, ಇಳಿಯುವಾಗ ಕಂಬಿ ಬೇಕು. ಶಾಲೆಯಲ್ಲಿ ಒಬ್ಬಳು ಕುಂಟಿ ಅಂದಳಂತೆ. ಇವಳು ಕಚ್ಚಿದಳಂತೆ. ನನ್ನನ್ನು ಕರೆಸಿದ್ದರು.

ನಿಮ್ಮಣ್ಣ ಕಳೆದ ತಿಂಗಳು ಬಂದಿದ್ದ, ಒಂದು ಬಣ್ಣದ ಪೆನ್ಸಿಲ್ ಡಬ್ಬಿ ಹಿಡಿದುಕೊಂಡು. ಚಿಗಳಿ ನೇರವಾಗಿ ಕೇಳಿದಳು, “ಅಪ್ಪಾ, ಹಳ್ಳದಲ್ಲಿ ಈಗ ಏನೇನಿದೆ?” ಅವನು ನನ್ನ ಮುಖ ನೋಡಿದ. ನಾನು ಸಹಾಯ ಮಾಡಲಿಲ್ಲ. “ಏನೂ ಇಲ್ಲ ಮಗಳೇ” ಅಂದ. ಅವಳು ಅವನನ್ನೇ ಸ್ವಲ್ಪ ಹೊತ್ತು ನೋಡಿ, ಎದ್ದು ಒಳಗೆ ಹೋದಳು. ಅವಳಿಗೆ ಯಾರು ಏನು ಹೇಳಿದರೋ, ಎಷ್ಟು ಗೊತ್ತೋ, ನಾನು ಕೇಳಿಲ್ಲ. ಪೆನ್ಸಿಲ್ ಡಬ್ಬಿ ಇನ್ನೂ ಬಿಚ್ಚಿಲ್ಲ. ನಾವು ಆ ಊರಿಗೆ ವಾಪಸ್ ಬರುವುದಿಲ್ಲವೆಂದು ಅವನಿಗೆ ಹೇಳಿ ಕಳಿಸಿದ್ದೇನೆ. ಸರಿ ಅಂದ. ಅಷ್ಟಕ್ಕೇ ಬಂದವನಂತೆ ಹೋದ.

ಇನ್ನೊಂದು ಹೇಳಬೇಕು. ಇಲ್ಲಿ ಆಸ್ಪತ್ರೆಯ ವ್ಯಾಯಾಮದ ಕೋಣೆಯ ಹಿಂದೆ, ಬಸ್ ನಿಲ್ದಾಣದ ಗೋಡೆಗೆ ಒತ್ತಿಕೊಂಡು, ಒಂದು ಜೌಗು ತಗ್ಗಿದೆ. ಟೈರು, ಬಾಟಲಿ, ನಡುವೆ ಒಂದಿಷ್ಟು ಜೊಂಡು. ಒಂದು ದಿನ ವ್ಯಾಯಾಮ ಮುಗಿದ ಮೇಲೆ ಚಿಗಳಿ ಕಾಣಲಿಲ್ಲ. ಹುಡುಕಿ ಹೋದರೆ ಆ ಕೆಸರಿನಲ್ಲಿ ಶೂ ಸಮೇತ ಕೂತಿದ್ದಾಳೆ. ಹೊಡೆಯಲು ಕೈ ಎತ್ತಿದೆ. ಅವಳು ತಿರುಗಿಯೂ ನೋಡದೆ, “ಅಮ್ಮಾ, ಮೆತ್ತಗೆ ಬಾ, ಇಲ್ಲಿ ಒಂದು ಹಕ್ಕಿ ಮೊಟ್ಟೆ ಮೇಲೆ ಕೂತಿದೆ” ಅಂದಳು. ಎತ್ತಿದ ಕೈಯನ್ನು ಏನು ಮಾಡಬೇಕೋ ತಿಳಿಯದೆ ನಾನೂ ಅಲ್ಲೇ ಕೂತೆ.

ಈಗ ಭಾನುವಾರ ಹೋಗುತ್ತೇವೆ. ವ್ಯಾಯಾಮಕ್ಕೆ ಬರುವ ಮಕ್ಕಳ ತಾಯಂದಿರು ಮೂವರು, ಒಬ್ಬಳ ಗಂಡ, ಎರಡು ಗಾಲಿಕುರ್ಚಿ. ಎಲ್ಲರೂ ನಡೆದೇ ಬರುವಷ್ಟು ಹತ್ತಿರ. ಗಾಲಿ ಹೂಳಬಾರದೆಂದು ಆ ಗಂಡಸು ಇಟ್ಟಿಗೆ ಹಾಸಿದ. ಟೈರುಗಳನ್ನು ಎಳೆದು ಹಾಕಿದ್ದೇವೆ. ಬಸ್ಸು ತೊಳೆಯುವವರು ಎಣ್ಣೆ ನೀರನ್ನು ಈ ಕಡೆ ಬಿಡುತ್ತಿದ್ದರು. ಕಂಡು ಬೈದು ಬಂದೆ, ಸದ್ಯಕ್ಕೆ ಆ ಕಡೆ ತಿರುಗಿಸಿದ್ದಾರೆ. ಪ್ರತಿ ಮಗುವಿಗೆ ಒಬ್ಬ ದೊಡ್ಡವರು, ಕೈ ಬಿಡುವಂತಿಲ್ಲ. ಅದು ನಾನು ಮಾಡಿದ ನಿಯಮ. ಚಿಗಳಿಯನ್ನು ಎಲ್ಲರಿಗಿಂತ ಮುಂದೆ ನಿಲ್ಲಿಸುತ್ತೇವೆ.

ಇದೆಲ್ಲ ಎಲ್ಲಿ ಕಲಿತಿರಿ ಎಂದು ಒಬ್ಬಾಕೆ ಕೇಳಿದಳು. ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ.

ಬರಲಾ ಎಂದು ಕೇಳಿದ್ದೀಯೆ. ಅವಳಿಗೆ ಹೇಳಿದರೆ ಕುಣಿಯುತ್ತಾಳೆ, ಅದಕ್ಕೇ ಹೇಳಿಲ್ಲ. ನೀನು ಬರೆಯಲಾಗದೆ ಹಾಳುಮಾಡಿದ ನಾಲ್ಕು ಹಾಳೆಯಲ್ಲಿ ಏನಿತ್ತೆಂದು ನನಗೆ ಗೊತ್ತು. ಅದನ್ನು ಬರೆದಿದ್ದರೂ ನನ್ನ ಉತ್ತರ ಇದೇ ಇರುತ್ತಿತ್ತೋ ಏನೋ ಗೊತ್ತಿಲ್ಲ. ನೀನು ಆ ದಡದಲ್ಲಿ ಬಂದು ನಿಂತರೆ ನಾನು ನೀರು ನೋಡುವುದಿಲ್ಲ, ಹಕ್ಕಿ ನೋಡುವುದಿಲ್ಲ. ನಿನ್ನ ಕೈಗಳನ್ನೇ ನೋಡುತ್ತಿರುತ್ತೇನೆ.

ಬರಬೇಡ.

ನಿನ್ನ ಅತ್ತಿಗೆ